ಬೋನ್ಸಾಯ್ ದಾಳಿಂಬೆ ಇಟ್ಟುಕೊಂಡವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ಬೋನ್ಸಾಯ್ (ಕುಂಡದಲ್ಲಿ ಕುಳ್ಳಗೆ ಬೆಳೆಸುವ ಗಿಡ) ಗುಂಪಿನಲ್ಲಿ "ಹೂವೆಲ್ಲಾ ಉದುರುತ್ತಿವೆ" ಅನ್ನೋ ಮೆಸೇಜುಗಳೇ ಜಾಸ್ತಿ. ಗಾಬರಿಯಾಗುವ ಮೊದಲು ಹೂವಿನ ಬುಡ ನೋಡಿ. ಬುಡ ದಪ್ಪಗೆ ಉಬ್ಬಿದ್ದರೆ ಅದು ಕಾಯಿ ಕಟ್ಟುವ ಹೂ. ಬುಡ ಸಣ್ಣಗಿದ್ದು ಗಂಟೆಯ ಹಾಗಿದ್ದರೆ ಗಂಡು ಹೂ, ಅದು ಉದುರಲೇಬೇಕು. ಅದಕ್ಕೆ ಸುಮ್ನೆ ಗೊಬ್ಬರ ಸುರಿಯಬೇಡಿ.

ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಆಕಾರ ಕೆಡುತ್ತದೆ ಅಂತ ಯಾವಾಗಲೂ ತುದಿ ಚಿವುಟುತ್ತಿದ್ದರೆ ಹೂ ಎಲ್ಲಿಂದ ಬರಬೇಕು ಹೇಳಿ?

ಕಾಯಿ ನಿಂತ ಮೇಲೆ ನೀರಿನದೇ ಚಿಂತೆ. ಒಣಗಲು ಬಿಟ್ಟು ಆಮೇಲೆ ಒಮ್ಮೆಲೇ ಹಾಕಿದರೆ ಸಿಪ್ಪೆ ಬಿರಿಯುತ್ತದೆ. ನಮ್ಮ ವಿಜಯಪುರದ ಬಿಸಿಲಿಗೆ ಆಳವಿಲ್ಲದ ಕುಂಡದ ಮಣ್ಣು ಮಧ್ಯಾಹ್ನಕ್ಕೇ ಒಣಗಿಬಿಡುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ, ಸಂಜೆ ಎರಡೂ ಹೊತ್ತು ಮಣ್ಣಿಗೆ ಬೆರಳಿಟ್ಟು ನೋಡಿ. ಗಿಡಕ್ಕೆ ಬಿಸಿಲು ಬೇಕು, ಆದರೆ ಕುಂಡವನ್ನು ಕಾದ ತಾರಸಿ ಮೇಲೆ ನೇರವಾಗಿ ಇಡಬೇಡಿ.

ಗಿಡ ಕುಳ್ಳಗಿದೆ ಅಂತ ಕಾಯಿ ಸಣ್ಣದಾಗುವುದಿಲ್ಲ. ದೊಡ್ಡ ಕಾಯಿ ಬಿಡುವ ಭಗವಾ ತಳಿಯಾದರೆ ಒಂದೋ ಎರಡೋ ಕಾಯಿ ಉಳಿಸಿ, ಉಳಿದದ್ದನ್ನು ಎಳೆಯದಾಗಿರುವಾಗಲೇ ತೆಗೆಯಿರಿ. ಮನಸ್ಸು ಬರುವುದಿಲ್ಲ, ಗೊತ್ತು. ಚಿಕ್ಕ ಕಾಯೇ ಬೇಕೆಂದರೆ 'ನಾನಾ' ಅನ್ನುವ ಕುಬ್ಜ ತಳಿ ತನ್ನಿ.

ಎಲೆ, ಕಾಯಿ ಮೇಲೆ ನೀರಲ್ಲಿ ನೆನೆದಂಥ ಕಪ್ಪು ಚುಕ್ಕೆ ಕಂಡರೆ ದುಂಡಾಣು ಅಂಗಮಾರಿ (ಬ್ಯಾಕ್ಟೀರಿಯಾದಿಂದ ಬರುವ ರೋಗ) ಇರಬಹುದು. ಆ ಭಾಗ ಕತ್ತರಿಸಿ ಸುಡಿ. ಅದೇ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಬೇರೆ ಗಿಡಕ್ಕೆ ಹಚ್ಚಬೇಡಿ. ಅನುಮಾನವಿದ್ದರೆ ಹತ್ತಿರದಿಂದ ತೆಗೆದ ಫೋಟೋ ಹಾಕಿ.