ಗೊಬ್ಬರವೇ ಅಡಿಕೆ ಮರದ ಊಟವಲ್ಲ

ಸಂಪಾದಕರಿಗೆ,

ಮಾನ್ಯರೇ,

ಅಡಿಕೆಯ ಎಲೆಚುಕ್ಕಿ ರೋಗದ ಕುರಿತು ನಮ್ಮ ಭಾಗದ ತೋಟಿಗರ ಸಭೆಗಳಲ್ಲಿ ನಡೆಯುವ ಚರ್ಚೆಯನ್ನು ತಮ್ಮ ಪತ್ರಿಕೆ ವಿವರವಾಗಿ ಪ್ರಕಟಿಸುತ್ತಿರುವುದು ಸ್ವಾಗತಾರ್ಹ. ಆದರೆ ಈಚಿನ ವರದಿಯೊಂದರಲ್ಲಿ, ಮರಕ್ಕೆ ಆಹಾರ ಸಾಲದೇ ಈ ರೋಗ ಬರುತ್ತದೆ, ಗೊಬ್ಬರವನ್ನು ದುಪ್ಪಟ್ಟು ಮಾಡಿದರೆ ಸೋಗೆ (ಅಡಿಕೆಯ ಗರಿ) ತಾನಾಗಿ ಹಸಿರಾಗುತ್ತದೆ ಎಂಬರ್ಥದ ಭಾಷಣಕಾರರೊಬ್ಬರ ಮಾತು ಹಾಗೆಯೇ ಅಚ್ಚಾಗಿದೆ. ಬೆಳೆಗಾರರು ಇದನ್ನು ನಂಬಿ ದುಡ್ಡು ಸುರಿಯುವ ಸಂಭವವಿರುವುದರಿಂದ ಈ ಪತ್ರ.

ಗಿಡಮರಗಳು ಮಣ್ಣನ್ನೇ ಉಂಡು ಬೆಳೆಯುತ್ತವೆ ಎಂಬ ಎಣಿಕೆ ಬಹಳ ಹಳೆಯದು. ಅದನ್ನು ಮೊದಲು ತೂಗಿ ನೋಡಿದವರಲ್ಲಿ ಬೆಲ್ಜಿಯಂ ನೆಲದ ವಿಜ್ಞಾನಿ ವಾನ್ ಹೆಲ್ಮಾಂಟ್ ಒಬ್ಬರು. ಸುಮಾರು 90 ಕಿಲೋ ಒಣಮಣ್ಣು ತುಂಬಿದ ಕುಂಡದಲ್ಲಿ ವಿಲೋ ಸಸಿಯೊಂದನ್ನು ನೆಟ್ಟು, 5 ವರ್ಷ ಬರೀ ನೀರು ಹನಿಸಿ ಬೆಳೆಸಿದಾಗ, ಎರಡೂವರೆ ಕಿಲೋ ಕೂಡ ಇರದಿದ್ದ ಆ ಸಸಿ 75 ಕಿಲೋ ದಾಟಿತ್ತು. ಮಣ್ಣು ಕಳೆದುಕೊಂಡದ್ದು ಸುಮಾರು 60 ಗ್ರಾಂ ಮಾತ್ರ. 1648ರಲ್ಲಿ, ಅವರು ತೀರಿಕೊಂಡ ಮೇಲೆ ಇದು ಪ್ರಕಟವಾಯಿತು. ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಅವರು ತೀರ್ಮಾನಿಸಿದರು. ಗಾಳಿಯ ಪಾಲು ಅವರ ಲೆಕ್ಕಕ್ಕೆ ಸಿಗಲಿಲ್ಲ. ಬೆಳಕಿದ್ದರೆ ಮಾತ್ರ, ಅದೂ ಹಸಿರು ಭಾಗಗಳಲ್ಲಿ ಮಾತ್ರ ಸಸ್ಯ ಆಮ್ಲಜನಕವನ್ನು ಹೊರಬಿಡುತ್ತದೆ ಎಂದು ತೋರಿಸಿಕೊಟ್ಟವರು ಡಚ್ ವೈದ್ಯ ಇಂಗೆನ್‌ಹೌಸ್, 1779ರಲ್ಲಿ.

ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಸೇರುತ್ತದೆ. ಗಾಳಿಯಲ್ಲಿ ಅದು ಇರುವುದೇ ಶೇಕಡಾ 0.04ರ ಆಸುಪಾಸು. ಬೇರು ಕಳಿಸಿದ ನೀರನ್ನು ಎಲೆಯಲ್ಲಿರುವ ಪತ್ರಹರಿತ್ತು ಬಿಸಿಲಿನ ಬಲದಿಂದ ಒಡೆಯುತ್ತದೆ. ಆಗ ದೊರೆತ ಶಕ್ತಿಯಿಂದ ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗುತ್ತದೆ, ಆಮ್ಲಜನಕ ಹೊರಬೀಳುತ್ತದೆ. (ಇಂಗಾಲದ ಡೈಆಕ್ಸೈಡನ್ನೇ ಒಡೆದು ಮರ ನಮಗೆ ಆಮ್ಲಜನಕ ಕೊಡುತ್ತದೆ ಎಂದು ವನಮಹೋತ್ಸವದ ಭಾಷಣಗಳಲ್ಲಿ ಪ್ರತಿ ವರ್ಷ ಕೇಳುತ್ತೇವೆ. ಆ ಆಮ್ಲಜನಕ ನೀರಿನದು ಎಂಬುದು 1941ರ ಪ್ರಯೋಗಗಳಲ್ಲೇ ಕಂಡುಬಂದಿತ್ತು.) ಕಾಂಡದ ನಾರು, ಸೋಗೆಯ ಬುಡದ ಹಾಳೆ, ಸಿಂಗಾರ (ಹೂಗೊಂಚಲು), ಅಡಿಕೆ ಎಲ್ಲಕ್ಕೂ ಮೂಲದ್ರವ್ಯ ಈ ಸಕ್ಕರೆಯೇ. ಬೇರು ಕೂಡ ಸೋಗೆಯಿಂದ ಇಳಿದು ಬರುವ ಸಕ್ಕರೆಯನ್ನು ನೆಚ್ಚಿಕೊಂಡೇ ಬದುಕುತ್ತದೆ. ಒಣಗಿದ ಅಡಿಕೆ ಮರದ ತುಂಡನ್ನು ಬಚ್ಚಲ ಒಲೆಗೆ ಹಾಕಿದವರು ಮರುದಿನ ಒಲೆ ಬಳಿಯುವಾಗ ನೋಡಿರುತ್ತಾರೆ: ಅಷ್ಟುದ್ದದ ತುಂಡಿಗೆ ಉಳಿಯುವುದು ಒಂದೆರಡು ಮುಷ್ಟಿ ಬೂದಿ. ಹೊಗೆಯಲ್ಲಿ ಹೋದ ಸಾರಜನಕವೇ ಮೊದಲಾದ ಸ್ವಲ್ಪವನ್ನು ಬಿಟ್ಟರೆ, ಮಣ್ಣು ಕೊಟ್ಟದ್ದು ಆ ಬೂದಿಯಷ್ಟೇ. ಉಳಿದದ್ದು ಗಾಳಿ ಮತ್ತು ನೀರಿನದು.

ಹಾಗೆಂದು ಗೊಬ್ಬರ ಬೇಡವೆಂದು ನಾನು ಹೇಳುತ್ತಿಲ್ಲ. ಪತ್ರಹರಿತ್ತಿನ ಅಣುವಿನೊಳಗೇ ಸಾರಜನಕವೂ ಮೆಗ್ನೀಸಿಯಂ ಕೂಡ ಇವೆ; ಎಲೆಯ ರಂಧ್ರಗಳು ತೆರೆದು ಮುಚ್ಚುವುದಕ್ಕೆ ಪೊಟ್ಯಾಷ್ ಬೇಕು. ಗೊಬ್ಬರ ಅಡುಗೆಮನೆಯ ಪಾತ್ರೆ ಪರಡಿಯಿದ್ದಂತೆ, ಅಕ್ಕಿಯಲ್ಲ. ಸೊಪ್ಪಿನ ಬೆಟ್ಟದಿಂದ ದರಕು (ಒಣ ತರಗೆಲೆ) ತಂದು ಬುಡಕ್ಕೆ ಹಾಸುವ ನಮ್ಮ ಪದ್ಧತಿ ಮಣ್ಣನ್ನು ಉಳಿಸಿದೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಸೋಗೆಯೇ ಸುಟ್ಟಂತಾಗಿರುವ ಮರದ ಬುಡಕ್ಕೆ ಎಷ್ಟು ಸುರಿದರೂ ಅದನ್ನು ಬಳಸಿಕೊಳ್ಳುವ ಹಸಿರು ಮೇಲೆ ಇರುವುದಿಲ್ಲ.

ಎಲೆಚುಕ್ಕಿ ಶಿಲೀಂಧ್ರದಿಂದ ಬರುವ ರೋಗ. ಹಳದಿ ಅಂಚಿನ ಕಂದು ಚುಕ್ಕಿಗಳು ಮಳೆಗಾಲದಲ್ಲಿ ಒಂದಕ್ಕೊಂದು ಕೂಡಿಕೊಂಡು ಎಲೆಯ ಆ ಭಾಗವನ್ನೇ ಒಣಗಿಸುತ್ತವೆ. ಸತ್ತ ಭಾಗ ಯಾವ ಗೊಬ್ಬರಕ್ಕೂ ಮತ್ತೆ ಹಸಿರಾಗದು. ಒಂದು ಮರದ ತಲೆಯಲ್ಲಿ ಇರುವುದೇ ಹತ್ತರ ಆಸುಪಾಸಿನ ಸೋಗೆಗಳು. ಅವುಗಳಲ್ಲಿ ಮೂರ್ನಾಲ್ಕು ಹೋದರೆ ಮರದ ದುಡಿಮೆಯ ದೊಡ್ಡ ಪಾಲೇ ಹೋದಂತೆ. ಅದೂ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡ ಕವಿದು ಬೆಳಕೇ ಕಡಿಮೆಯಿರುವ ಘಟ್ಟದ ಮೇಲಿನ ನಮ್ಮ ತೋಟಗಳಲ್ಲಿ, ಮಳೆ ಹಿಂದೆಗೆದು ಬಿಸಿಲು ಬಿದ್ದಾಗ ಅದನ್ನು ಹಿಡಿಯಲು ಗಟ್ಟಿ ಸೋಗೆ ಇರಲೇಬೇಕು. ಬಲಿಯುತ್ತಿರುವ ಕೊನೆಗೂ (ಅಡಿಕೆ ಗೊಂಚಲಿಗೂ), ಹಾಳೆ ಕಳಚಿದ ಜಾಗದಲ್ಲಿ ಮುಂದೆ ಒಡೆಯುವ ಸಿಂಗಾರಕ್ಕೂ ಸಕ್ಕರೆ ಬರಬೇಕಾದದ್ದು ಅಲ್ಲಿಂದಲೇ.

ಇನ್ನೊಂದು ಅತಿಯೂ ಕಾಣುತ್ತಿದೆ. ತೀವ್ರವಾಗಿ ರೋಗ ತಗುಲಿದ ಸೋಗೆಯನ್ನು ಕಡಿದು ನಾಶ ಮಾಡಬೇಕೆಂಬ ಸಲಹೆ ಸರಿಯಾದದ್ದೇ. ಆದರೆ ನಾಲ್ಕು ಚುಕ್ಕಿ ಕಂಡೊಡನೆ ಹಸಿರಿರುವ ಸೋಗೆಯನ್ನೂ ಇಳಿಸಿ ಮರದ ತಲೆಯಲ್ಲಿ ಎರಡು ಮೂರನ್ನಷ್ಟೇ ಬಿಡುವುದು ರೋಗಕ್ಕಿಂತ ಹೆಚ್ಚಿನ ನಷ್ಟವೆಂದೇ ನನ್ನ ಅಭಿಪ್ರಾಯ.

ಆದ್ದರಿಂದ ಮುಂದಿನ ಮಳೆಗಾಲಕ್ಕೆ ಮೊದಲೇ, ಯಾವ ಹಂತದ ಸೋಗೆಯನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ತೋಟಗಾರಿಕೆ ತಜ್ಞರಿಂದ ಚಿತ್ರಸಹಿತ ಬರೆಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆಂದು ಕೊನೆಗಳಿಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣದ ಮಿಶ್ರಣ) ಅದೇ ಸರದಿಯಲ್ಲಿ ಸೋಗೆಗಳಿಗೂ ತಾಗುವಂತೆ ಹೊಡೆಯುವ ಕ್ರಮವನ್ನು ಅದರಲ್ಲಿ ಸೇರಿಸಿದರೆ, ಮರ ಹತ್ತುವವರು ಸಿಗುವುದೇ ದುರ್ಲಭವಾದ ಈ ಕಾಲದಲ್ಲಿ ಬೆಳೆಗಾರರಿಗೆ ಉಪಕಾರವಾಗುತ್ತದೆ.

– ಓರ್ವ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು