ಎಡಗಾಲಿನ ಚಪ್ಪಲಿ

ಹೊಸನಗರ ತಾಲ್ಲೂಕು
ಪುನರ್ವಸು ಮಳೆ, ಸಂಜೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಕೈಸೇರಿತು. ಇಲ್ಲಿಯ ಸುದ್ದಿ ವಾರವಾರ ಫೋನಿನಲ್ಲಿ ನಿನಗೆ ತಲುಪುತ್ತಲೇ ಇದೆ, ಮನೆ ಪಾಲಿನ ರಾಮಾಯಣವೂ ಗೊತ್ತಿದ್ದದ್ದೇ. ಅದನ್ನೆಲ್ಲ ಬಿಟ್ಟೆ. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಓದಿ ಖುಷಿಪಟ್ಟೆ. ಸ್ಪೇನಿನ ಎಂಪುರಿಯಾಬ್ರಾವಾದಲ್ಲಿ ನೀನು ಪ್ಯಾರಾಚೂಟ್ ಕಟ್ಟಿಕೊಂಡು ಹಾರೋ ವಿಮಾನ ಸಮುದ್ರದ ಮೇಲೆ ತಿರುಗುವಾಗ ಪಿರೆನೀಸ್ ಬೆಟ್ಟಗಳು ಕಾಣುತ್ತವೆ ಅಂತ ಬರೆದಿದ್ದೆಯಲ್ಲ, ಅದನ್ನು ದೊಡ್ಡಪ್ಪನಿಗೆ ಎರಡು ಸಲ ಓದಿ ಹೇಳಿದೆ. ಕೊನೇ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಕ್ಕೆ ಬರೆದಿದ್ದನ್ನು ಮಾತ್ರ ಅವರಿಗೆ ಓದಿ ಹೇಳಲಿಲ್ಲ. 'ಇಳಿದ ಮೇಲೆ ಸೊಂಟ ಹಿಡ್ಕೊಳ್ಳುತ್ತೆ, ಎಡಗಾಲಲ್ಲಿ ಇರುವೆ ಹರಿದ ಹಾಗಾಗುತ್ತೆ. ಮಾತ್ರೆ ನುಂಗಿ ಹಾರ್ತೀನಿ. ಇಲ್ಲಿ ಯಾರಿಗೂ ಹೇಳಿಲ್ಲ, ಅಮ್ಮನಿಗೂ ಹೇಳಬೇಡ.'

ಹಾರಬೇಡ ಅನ್ನೋಕೆ ಕೂತಿಲ್ಲ ನಾನು. ಅದನ್ನು ಹೇಳುವವರು ನಮ್ಮ ಮನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಹನ್ನೊಂದು ವರ್ಷದವಳಿದ್ದಾಗ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಊಟಕ್ಕೆ ಹೋದ ಹೊತ್ತು ನೋಡಿ, ಅವನ ಕಾಲಹಗ್ಗ ಸಿಕ್ಕಿಸಿಕೊಂಡು ಅಡಿಕೆ ಮರದ ಅರ್ಧಕ್ಕೆ ಏರಿದವಳು ನಾನು. ಗಾಳಿಗೆ ಮರ ಓಲಾಡಿದಾಗ ಹೊಟ್ಟೆಯಲ್ಲಿ ಝುಂ ಅಂದದ್ದು ಇನ್ನೂ ನೆನಪಿದೆ. ಇಳಿದ ಮೇಲೆ ಬಿದ್ದ ಬರಲಿನ ಏಟೂ ನೆನಪಿದೆ. ಈ ಹುಡುಗಿಗೆ ಈ ಹುಚ್ಚು ಎಲ್ಲಿಂದ ಬಂತೋ ಅಂತ ನಿಮ್ಮಮ್ಮ ಗೊಣಗಿದಾಗಲೆಲ್ಲ ನಾನು ಒಲೆ ಕಡೆ ತಿರುಗಿಕೊಂಡುಬಿಡ್ತೀನಿ.

ಸೊಂಟನೋವು ಅಂದದ್ದಕ್ಕೂ ನಾನು ಅಷ್ಟು ಹೆದರಲಿಲ್ಲ. ಈ ಊರಲ್ಲಿ ಸೊಂಟ ನೋಯದವರು ಯಾರಿದ್ದಾರೆ? 'ಯಾರಿಗೂ ಹೇಳಿಲ್ಲ' ಅಂದೆಯಲ್ಲ, ಆ ಮಾತು ನನ್ನ ನಿದ್ದೆ ಕೆಡಿಸಿತು. ಅದೇ ಮಾತನ್ನು ಆಡಿ ಎರಡು ವರ್ಷ ಕಳೆದವಳು ನಾನು.

1991ರ ಮಳೆಗಾಲ. ನಟ್ಟಿ ಶುರುವಾಗಿ ದಿನಾ ಇಪ್ಪತ್ತು ಆಳಿಗೆ ಅಡುಗೆ. ಗದ್ದೆಗೆ ಗಂಜಿ ಹೊತ್ತು ಧರೆಯ ಮೆಟ್ಟಿಲು ಇಳಿಯುವಾಗ ಹಾವಸೆ ಕಟ್ಟಿದ ಕಲ್ಲು ಜಾರಿತು. ತಲೆ ಮೇಲಿನ ಪಾತ್ರೆ ಬೀಳಬಾರದು ಅಂತ ಎರಡೂ ಕೈಯಲ್ಲಿ ಅದನ್ನೇ ಹಿಡಿದುಕೊಂಡು ಕುಂಡೆ ಊರಿ ಕೂತೆ. ಕೂತೆ ಅನ್ನೋದೇನು, ಒನಕೆ ಕುಕ್ಕಿದ ಹಾಗೆ ಕುಕ್ಕಿದೆ. ಗಂಜಿ ಒಂದು ಹನಿ ಚೆಲ್ಲಲಿಲ್ಲ. ಆ ಹೆಚ್ಚುಗಾರಿಕೆಯನ್ನು ಗದ್ದೆಯಲ್ಲೆಲ್ಲ ಹೇಳಿಕೊಂಡು ನಕ್ಕೆ. ಬಾಲಮೂಳೆಯಿಂದ ನೆತ್ತಿವರೆಗೆ ಮಿಂಚು ಹೊಡೆದದ್ದನ್ನು ಹೇಳಲಿಲ್ಲ. ಹಿಂದೆ ಮಜ್ಜಿಗೆ ತಂಬಿಗೆ ಹಿಡಿದು ಬರುತ್ತಿದ್ದವಳು ನಿಮ್ಮಮ್ಮ. ಆಗ ಪಿಯುಸಿ ಓದೋಕೆ ನಮ್ಮ ಮನೆಯಲ್ಲೇ ಇದ್ದಳು, ಹದಿನೇಳು ವರ್ಷ. 'ಅಕ್ಕಾ, ಪೆಟ್ಟಾಯ್ತಾ?' ಅಂದಳು. 'ಸುಮ್ನಿರು, ಯಾರಿಗೂ ಹೇಳಬೇಡ' ಅಂದೆ. ಪಾಪ, ಅವಳು ಹೇಳಲಿಲ್ಲ.

ನಟ್ಟಿ ಮುಗಿಯಲಿ ಅಂದುಕೊಂಡೆ. ಆಮೇಲೆ ಕೊಯ್ಲು ಮುಗಿಯಲಿ, ಅಡಿಕೆ ಸುಲಿಯೋದು ಮುಗಿಯಲಿ. ಕುಂಡೆಯಿಂದ ಹೆಬ್ಬೆರಳವರೆಗೆ ಇರುವೆ ಹರಿಯುತ್ತಲೇ ಇತ್ತು. ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಳ್ತಿದ್ದೆ, ಪೇಟೆಗೆ ಹೋದವರ ಕೈಲಿ ಮಾತ್ರೆ ತರಿಸಿ ನುಂಗ್ತಿದ್ದೆ. ಮಾತ್ರೆ ನುಂಗಿದ ದಿನ ಇನ್ನೂ ಎರಡು ಬುಟ್ಟಿ ಜಾಸ್ತಿ ಹೊರುತ್ತಿದ್ದೆ ನೋಡು, ಆ ಬುದ್ಧಿಗೆ ಏನನ್ನಬೇಕು! 1993ರಲ್ಲಿ ಒಂದು ಬೆಳಿಗ್ಗೆ ಅಂಗಳ ದಾಟಿ ಕೊಟ್ಟಿಗೆಗೆ ಹೋಗಿ ಕೆಳಗೆ ನೋಡ್ತೀನಿ, ಬಲಗಾಲಲ್ಲಿ ಹವಾಯಿ ಚಪ್ಪಲಿ ಇದೆ, ಎಡಗಾಲು ಬರಿಗಾಲು. ಇನ್ನೊಂದು ಚಪ್ಪಲಿ ಅಂಗಳದ ನಡುವೆ ಕೆಸರಲ್ಲಿ ಬಿದ್ದಿತ್ತು. ಅದು ಜಾರಿದ್ದು ಕಾಲಿಗೆ ಗೊತ್ತೇ ಆಗಿರಲಿಲ್ಲ.

ಅವತ್ತು ದೊಡ್ಡಪ್ಪನಿಗೆ ಹೇಳಿದೆ. ಹುಲಿಕಲ್ ಘಾಟಿಯ ತಿರುವುಗಳಲ್ಲಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಸೊಂಟದಲ್ಲಿ ಐದು ಮಣಿ, ಅದರಲ್ಲಿ ನಾಲ್ಕು ಮತ್ತು ಐದರ ನಡುವಿನ ಡಿಸ್ಕ್ ಹೊರಬಂದು ನರ ಒತ್ತಿತ್ತು. ಎಷ್ಟು ದಿನದಿಂದ ಹೀಗೆ ಅಂತ ಡಾಕ್ಟರು ಕೇಳಿದರು. ಎರಡು ವರ್ಷ ಅಂದೆ. ಅವರು ಬರೆಯೋದು ನಿಲ್ಲಿಸಿ ನನ್ನ ಮುಖ ನೋಡಿದರು. ಆಪರೇಷನ್ ಆಯ್ತು, ನೋವು ಹೋಯ್ತು. ಹೆಬ್ಬೆರಳು ಮಾತ್ರ ಈಗಲೂ ಮೇಲೇಳಲ್ಲ. ಹೊಸಿಲು ದಾಟುವಾಗ ನಾನು ಎಡಗಾಲನ್ನು ಸ್ವಲ್ಪ ಎತ್ತಿ ಇಡ್ತೀನಲ್ಲ, ಚಿಕ್ಕವಳಿದ್ದಾಗ ಅದನ್ನು ಅಣಕಿಸಿ ನಡೆದು ಎಲ್ಲರನ್ನೂ ನಗಿಸ್ತಿದ್ದೆ ನೀನು. ನಾನೂ ನಕ್ಕಿದ್ದೆ. ಕಾರಣ ಇದು.

ನಿನ್ನದೂ ಎಡಗಾಲು ಅಂತ ಬರೆದಿದ್ದೀಯ. ನಿನ್ನದು ಡಿಸ್ಕೇ ಅಂತ ನಾನು ಹೇಳ್ತಿಲ್ಲ, ಬರೀ ಮಾಂಸಖಂಡ ಹಿಡಿದುಕೊಂಡಿರಲೂಬಹುದು. ಅದನ್ನು ಹೇಳಬೇಕಾದವರು ನೋಡಿ ಹೇಳಲಿ. ಒಂದು ಮಾತು ಬರೆಯೋಕೆ ನಾಚಿಕೆಯಾಗುತ್ತೆ, ಆದರೂ ಬರೀತೀನಿ. ಪಾದ ಎತ್ತೋಕೆ ಆಗದಿದ್ದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ನಿನಗೆ ಗೊತ್ತಾಗದ ಹಾಗೆ ಹೊರಟುಬಿಟ್ಟರೆ, ನಾಳೆ ಅನ್ನದೆ ಅವತ್ತೇ ಆಸ್ಪತ್ರೆಗೆ ಓಡು.

ನಿನ್ನ ಕಾಗದ ಓದಿ ತಡೆಯಲಾರದೆ ಕೆಳಗಿನಮನೆ ಹವಾಲ್ದಾರರ ಹತ್ತಿರ ಹೋದೆ. ನಿನ್ನ ಹೆಸರು ಎತ್ತಲಿಲ್ಲ, ಪರಿಚಯದ ಹುಡುಗಿ ಅಂದೆ. ಅವರು ಒಳಗೊಳಗೇ ನಕ್ಕರು, ಇರಲಿ. ಸೈನ್ಯದಲ್ಲಿದ್ದಾಗ ಆಗ್ರಾದಲ್ಲಿ ಪ್ಯಾರಾಚೂಟಿನಿಂದ ಐದು ಜಂಪ್ ಮಾಡಿ ಎದೆಗೆ ರೆಕ್ಕೆಯ ಬಿಲ್ಲೆ ಹಾಕಿಸಿಕೊಂಡವರು. 'ಹೇಗೆ ಇಳೀತಾಳೆ?' ಅಂದರು. ಗಾಳಿ ಇರಲಿಲ್ಲ, ಬ್ರೇಕ್ ಹಗ್ಗ ಎಳೆಯೋದು ತಡವಾಯ್ತು, ಕುಂಡೆ ಮೇಲೆ ಜಾರಿಕೊಂಡು ಇಳಿದೆ ಅಂತ ನೀನು ಬರೆದದ್ದನ್ನು ಹೇಳಿದೆ. ಅರವತ್ತೇಳರ ಆ ಮನುಷ್ಯ ಮಾತಿಲ್ಲದೆ ಪಂಚೆ ಎತ್ತಿಕಟ್ಟಿ, ಜಗಲಿ ಕಟ್ಟೆ ಹತ್ತಿ, ಕೆಸರು ಅಂಗಳಕ್ಕೆ ಧುಮುಕಿಯೇಬಿಟ್ಟರು!

ಎರಡು ಕಾಲೂ ಸೇರಿ ಒಂದೇ ಕಾಲು ಅನ್ನೋ ಹಾಗೆ ಪಾದಕ್ಕೆ ಪಾದ, ಮಂಡಿಗೆ ಮಂಡಿ ಅಂಟಿಸಿದ್ದರು. ಮಂಡಿ ಚೂರು ಬಾಗಿತ್ತು, ಗದ್ದ ಎದೆಗೆ ತಾಗಿತ್ತು. ಪಾದ ಊರಿದ್ದೇ ಪಕ್ಕಕ್ಕೆ ಉರುಳಿದರು. ಮೀನಖಂಡದ ಪಕ್ಕ, ತೊಡೆಯ ಪಕ್ಕ, ಕುಂಡೆಯ ಪಕ್ಕ, ಆಮೇಲೆ ಅಡ್ಡವಾಗಿ ಆಚೆ ಹೆಗಲ ಹಿಂಭಾಗ. ಪೆಟ್ಟು ಹಂಚಿಹೋಗಬೇಕು, ಬೆನ್ನುಮೂಳೆ ಒಂದರ ಮೇಲೇ ಬೀಳಬಾರದು ಅಂತ ಎದ್ದು ಕೆಸರು ಕೊಡವಿಕೊಂಡರು. ಅವರ ಹೆಂಡತಿ ಒಳಗಿಂದ ಬೈದದ್ದನ್ನು ಬರೆಯಲಾರೆ. ಅವರ ಕಾಲದ ಗುಂಡು ಪ್ಯಾರಾಚೂಟಿಗೆ ನಿನ್ನದರಂತೆ ಕೊನೇ ಗಳಿಗೆಯಲ್ಲಿ ಹಗ್ಗ ಎಳೆದು ಮೆತ್ತಗೆ ಇಳಿಯೋ ಅನುಕೂಲ ಇರಲಿಲ್ಲವಂತೆ. ನಿನಗೆ ಅದಿದೆ. ಎರಡೂ ಕೈ ಸಮಸಮವಾಗಿ ಎಳೆ. ತಡವಾಯ್ತು ಅನ್ನಿಸಿದರೆ ನಿಂತು ಇಳಿಯೋ ಚಂದ ಬಿಟ್ಟು ಉರುಳು. ಇಬ್ಬರು ಒಂದೇ ಪ್ಯಾರಾಚೂಟಿನಲ್ಲಿ ಬರುವಾಗ ಕಾಲೆತ್ತಿ ಕೂತು ಇಳಿಸ್ತಾರಂತೆ, ಒಬ್ಬಳೇ ಬರುವಾಗ ಆ ಅಭ್ಯಾಸ ಬೇಡ. ಕೂತು ಬಿದ್ದರೆ ಏನಾಗುತ್ತೆ ಅಂತ ನನ್ನ ಗಂಜಿ ಪಾತ್ರೆ ಸಾಕ್ಷಿ.

31 ಜಂಪ್ ಆಯ್ತು, ಇನ್ನು ಸಣ್ಣ ಪ್ಯಾರಾಚೂಟ್ ತಗೊಳ್ತೀನಿ ಅಂದಿದ್ದೀಯ. ಸಣ್ಣದಾದಷ್ಟೂ ಇಳಿಯೋ ವೇಗ ಜಾಸ್ತಿ ಅಂತ ಹಿಂದಿನ ಕಾಗದದಲ್ಲಿ ಬರೆದವಳೂ ನೀನೇ. ಸೊಂಟ ಸರಿಯಾಗೋವರೆಗಾದರೂ ದೊಡ್ಡದೇ ಇರಲಿ.

ಇನ್ನೊಂದು. ಸಾಗರದಲ್ಲಿ ನನ್ನ ಮಂಡಿಗೆ ವ್ಯಾಯಾಮ ಹೇಳಿಕೊಡುವ ಹುಡುಗಿಗೆ ನಿನ್ನ ವಿಡಿಯೊ ತೋರಿಸಿದೆ. (ಬೈಬೇಡ.) ಹೊಟ್ಟೆ ಕೆಳಗಾಗಿ ಬಿಲ್ಲಿನ ಹಾಗೆ ಬಾಗಿ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಬೀಳ್ತೀಯಲ್ಲ, ಅದನ್ನು ನಾಲ್ಕು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದಳು. ನೀನು ಬಾಗಿರೋದು ಸೊಂಟದ ಒಂದು ಗೇಣಿನಲ್ಲಿ ಮಾತ್ರ, ಪಕ್ಕದ ಹುಡುಗ ತೊಡೆಸಂದನ್ನು ಮುಂದಕ್ಕೆ ಒತ್ತಿ ಕುಂಡೆ ಬಿಗಿಹಿಡಿದು ಇಡೀ ಮೈಯಲ್ಲಿ ಬಾಗಿದ್ದಾನೆ ಅಂದಳು. ದಿನವಿಡೀ ಕಂಪ್ಯೂಟರ್ ಮುಂದೆ ಕೂತರೆ ತೊಡೆಯ ಮುಂಭಾಗ ಬಿಗಿದು ಸೊಂಟವನ್ನೇ ಎಳೆಯುತ್ತಂತೆ. ಒಂದು ಮಂಡಿ ನೆಲಕ್ಕೂರಿ ಇನ್ನೊಂದು ಕಾಲು ಮುಂದಿಟ್ಟು ತೊಡೆಸಂದು ಹಿಗ್ಗಿಸಬೇಕು. ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಮೇಲೆತ್ತಬೇಕು. ದನದ ಹಾಗೆ ಕೈಕಾಲೂರಿ ಬಲಗೈ ಎಡಗಾಲು, ಎಡಗೈ ಬಲಗಾಲು ಚಾಚಬೇಕು. ನಾನೂ ಮಾಡ್ತೀನಿ, ಬೆಕ್ಕು ಬಂದು ಹೊಟ್ಟೆ ಕೆಳಗೆ ಮಲಗುತ್ತೆ. ಆದರೆ ಇದೆಲ್ಲ ಅಲ್ಲಿಯ ಡಾಕ್ಟರು ನೋಡಿ ಒಪ್ಪಿದ ಮೇಲೆ. ಇರುವೆ ಹರಿಯೋ ಕಾಲಿಗೆ ಮೊಬೈಲ್ ನೋಡಿ ಮದ್ದು ಹೇಳಲ್ಲ ಅಂತ ಆ ಹುಡುಗಿಯೇ ಹೇಳಿದಳು. ಜಾಣೆ.

ಬೀಳುವಾಗಿನ ಆ ವೇಗ ಪ್ಯಾರಾಚೂಟ್ ಬಿಚ್ಚಿದ ಮೂರು ನಾಲ್ಕು ಸೆಕೆಂಡಿನಲ್ಲಿ ಇಳಿಯುವಾಗ ಸೊಂಟಕ್ಕೆ ಎಂಥ ಜಗ್ಗು ಬೀಳುತ್ತೋ! ಸ್ಲೈಡರ್ ಅನ್ನೋ ಚೌಕದ ಬಟ್ಟೆ ಅದನ್ನು ನಿಧಾನ ಮಾಡುತ್ತೆ ಅಂತ ನೀನೇ ಬರೆದಿದ್ದೆ. ಹಾಗಿದ್ದರೆ ಮಡಚುವಾಗ ಅವಸರ ಮಾಡಬೇಡ. ಎರಡೂ ತೊಡೆಯ ಪಟ್ಟಿ ಒಂದೇ ಸಮ ಬಿಗಿದಿರಲಿ, ಬಿಚ್ಚುವಾಗ ಹೆಗಲು ಓರೆಯಾಗದಿರಲಿ ಅಂತ ಹವಾಲ್ದಾರರು ಒತ್ತಿ ಹೇಳಿದರು. ಮತ್ತೆ ಆ ಮಡಚೋ ಕೆಲಸ. ದಿನಕ್ಕೆ ನಾಲ್ಕು ಸಲ ನೆಲದ ಮೇಲೆ ಬಗ್ಗಿ ಮಡಚ್ತೀಯಂತೆ. ಬಗ್ಗಿ ನಟ್ಟಿ ಮಾಡಿದವರನ್ನು ಕೇಳು, ಹಾರಾಟಕ್ಕಿಂತ ಅದೇ ಸೊಂಟ ಮುರಿದಿದ್ದರೂ ಆಶ್ಚರ್ಯವಿಲ್ಲ. ಮಂಡಿಯೂರಿ ಮಾಡು, ನಡುನಡುವೆ ಎದ್ದು ನಿಲ್ಲು. 13,000 ಅಡಿ ಮೇಲೆ ನೆಲಕ್ಕಿಂತ ಸುಮಾರು 25 ಡಿಗ್ರಿ ಥಂಡಿ ಜಾಸ್ತಿ. ಬೆನ್ನಿಗೆ 10-12 ಕಿಲೋ ಚೀಲ ಕಟ್ಟಿಕೊಂಡು ವಿಮಾನದಲ್ಲಿ ಮುದುರಿ ಕೂತು, ಹಾಗೇ ಮರಗಟ್ಟಿದ ಮೈಯಲ್ಲಿ ಹಾರೋದಲ್ಲ. ಹತ್ತೋ ಮೊದಲು ಮೈ ಬಿಸಿ ಮಾಡಿಕೋ, ಒಳಗೊಂದು ಬೆಚ್ಚನೆ ಬಟ್ಟೆ ಹಾಕು. ಇದನ್ನೆಲ್ಲ ನಾನು ನಿನಗೆ ಹೇಳೋದೇ ತಮಾಷೆ. ನಾನು ವಿಮಾನವನ್ನು ಹತ್ತಿರದಿಂದ ನೋಡಿದ್ದು ನಿನ್ನನ್ನು ಕಳಿಸೋಕೆ ಬಂದಾಗ, ಅದೂ ಗಾಜಿನ ಆಚೆ.

ಮೊನ್ನೆ ನಮ್ಮ ಕೊನೆಗೌಡ ಔಷಧಿ ಹೊಡೆಯೋಕೆ ಬಂದಿದ್ದ. ಎರಡನೇ ಔಷಧಿ ತಡವಾಗಿದೆ, ಅಡಿಕೆಗೆ ಕೊಳೆರೋಗ ಬಂದರೆ ವರ್ಷದ ಫಸಲು ಹೋಯ್ತು, ಬ್ಯಾರಲ್ಲಿನಲ್ಲಿ ಮೈಲುತುತ್ತ ಸುಣ್ಣ ಕಲಸಿಟ್ಟಾಗಿದೆ, ಮಳೆಯೂ ಅಪರೂಪಕ್ಕೆ ಹೊಳವಾಗಿದೆ. ಒಂದು ಮರದ ಬುಡದಲ್ಲಿ ನಿಂತು ಸೊಂಟ ತಿರುಗಿಸಿ ನೋಡಿಕೊಂಡು, 'ಇವತ್ತು ಹತ್ತಲ್ಲ ಅಮ್ಮ, ಬೆನ್ನು ಹಿಡಿದಿದೆ' ಅಂದ. ದೊಡ್ಡಪ್ಪನ ಮುಖ ಗಂಟಾಯ್ತು. ಅವನು ಹಗ್ಗ ಸುತ್ತಿಕೊಂಡು, ಕಾಫಿ ಕುಡಿದು, ಎಲೆಅಡಿಕೆ ಹಾಕಿಕೊಂಡು ಹೋದ. ನಾಲ್ಕನೇ ದಿನ ಬಂದು ಹತ್ತಿದ. ಮರದ ತುದಿಯಲ್ಲಿ ಬೆನ್ನು ಹಿಡಿದರೆ ಇಳಿಯೋದು ಹೇಗೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ನಿನಗೆ ಅಷ್ಟು ಎತ್ತರದಲ್ಲಿ ಹಿಡಿದುಕೊಂಡು, ಹಗ್ಗ ಎಳೆಯೋ ಹೊತ್ತಿಗೆ ಒಂದು ಕೈ ಏಳದೇ ಹೋದರೆ? ರಾತ್ರಿ ಎರಡು ಗಂಟೆಗೆ ಎದ್ದು ಕೂತು ಇದನ್ನೇ ಯೋಚಿಸ್ತೀನಿ. ಮಾತ್ರೆ ನುಂಗಿದ್ದೀಯ ಅಂತ ಅಲ್ಲಿಯ ಇನ್‌ಸ್ಟ್ರಕ್ಟರಿಗೂ ಗೊತ್ತಿಲ್ಲ, ಗೊತ್ತಿರೋದು ಇಲ್ಲಿ ನನಗೊಬ್ಬಳಿಗೆ.

ಹೇಳಿದರೆ ಒಂದು ತಿಂಗಳು ಹಾರೋಕೆ ಬಿಡಲ್ಲ ಅಂತ ತಾನೇ ನಿನ್ನ ಭಯ? ಬಿಡದಿರಲಿ.

ಭೀಮನ ಅಮಾವಾಸ್ಯೆಗೆ ನಿಮ್ಮಮ್ಮ ಬರ್ತಾಳೆ. ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆ ನನಗೋಸ್ಕರ ಬಾಯಿ ಮುಚ್ಚಿಕೊಂಡಿದ್ದವಳು. 'ನಾನು ಅವತ್ತೇ ಹೇಳಬೇಕಿತ್ತು' ಅಂತ ಆಪರೇಷನ್ ದಿನ ಮಣಿಪಾಲದಲ್ಲಿ ಗೋಡೆಗೆ ಮುಖ ಮಾಡಿ ಅತ್ತಿದ್ದಳು. ತಪ್ಪು ನನ್ನದು, ಅತ್ತವಳು ಅವಳು. ಅವಳ ಎದುರು ಕೂತು ಕಡುಬು ಮಾಡುತ್ತಾ ನಿನ್ನ ಸುದ್ದಿ ಬಂದಾಗ ನಾನು ಏನಂತ ಮುಖ ಇಟ್ಟುಕೊಳ್ಳಲಿ? ಕೇಳಿದರೆ ಸುಳ್ಳು ಹೇಳಲ್ಲ, ಈಗಲೇ ಹೇಳಿದ್ದೀನಿ. ಅಷ್ಟರೊಳಗೆ ನೀನೇ ಅವಳಿಗೊಂದು ಫೋನ್ ಮಾಡು. ಅದಕ್ಕಿಂತ ಮೊದಲು ಅಲ್ಲಿಯವರಿಗೆ ಹೇಳು.

ಅಂಚೆಗೆ ಹಾಕಿದರೆ ಇದು ನಿನಗೆ ಸೇರೋದು ಯಾವಾಗಲೋ. ಪುಟಪುಟ ಫೋಟೊ ತೆಗೆದಿಟ್ಟಿದ್ದೀನಿ, ನಾನೇ ಕಲಿತೆ. ಮನೆಯಲ್ಲಿ ಸಿಗ್ನಲ್ ಇಲ್ಲ. ಮಳೆ ಸ್ವಲ್ಪ ಹೊಳವಾದರೆ ಗುಡ್ಡದ ತುದಿಗೆ ಹೋಗಿ ಕಳಿಸ್ತೀನಿ. ಒಬ್ಬಳೇ ಹೋಗಲ್ಲ, ಕೋಲು ಹಿಡಿದು ದೊಡ್ಡಪ್ಪನ ಜೊತೆ ಹೋಗ್ತೀನಿ, ಚಿಂತೆ ಬೇಡ.

ಇತಿ,
ದೊಡ್ಡಮ್ಮ