ವಿಳಾಸವಿಲ್ಲದ ಎರಡು ಕಾರ್ಡು

ಧನ್ಯವಾದ ಹೇಳುವ ಕೊನೆಯ ಕಾರ್ಡು ನಿನ್ನೆ ರಾತ್ರಿ ಮುಗಿಯಿತು. ಒಟ್ಟು 31. ಮೊದಲ ನಾಲ್ಕನ್ನು ಎಡಗೈಯಲ್ಲಿ ಮಾಡಿದ್ದು. ಉಳಿದವೆಲ್ಲ ಮುರಿದು ಕೂಡಿದ ಈ ಬಲಗೈಯಲ್ಲೇ ಕತ್ತರಿಸಿ, ಮಡಿಸಿ, ಅಂಟಿಸಿದ್ದು. ಅದರಲ್ಲಿ 29ಕ್ಕೆ ವಿಳಾಸ ಇದೆ, ಎರಡಕ್ಕೆ ಇಲ್ಲ. ಅದಕ್ಕೇ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮದುವೆಯಾಗಿ 25 ವರ್ಷ ಆಯಿತು ಅಂತ ಮೇ ತಿಂಗಳಲ್ಲಿ ನಾವಿಬ್ಬರೂ ಗ್ರೀಸ್‌ನ ನಾಕ್ಸೋಸ್ ದ್ವೀಪಕ್ಕೆ ಹೋಗಿದ್ದೆವು. ಹಡಗು ದಡ ಸೇರುವಾಗಲೇ ಒಂದು ದೊಡ್ಡ ಅಮೃತಶಿಲೆಯ ಬಾಗಿಲು ಕಾಣುತ್ತದೆ. ಪೊರ್ತಾರಾ ಅಂತಾರೆ. ಸುತ್ತ ಗೋಡೆ ಇಲ್ಲ, ಮೇಲೆ ಚಾವಣಿ ಇಲ್ಲ, ಬರೀ ಬಾಗಿಲ ಚೌಕಟ್ಟು. ಕ್ರಿ.ಪೂ. 530ರ ಸುಮಾರಿಗೆ ಲಿಗ್ಡಮಿಸ್ ಎಂಬ ದೊರೆ ದೇವಸ್ಥಾನ ಕಟ್ಟಿಸಲು ಶುರು ಮಾಡಿದನಂತೆ, ಅದು ಮುಗಿಯಲೇ ಇಲ್ಲ. ಒಂದೊಂದು ಕಲ್ಲೂ ಸುಮಾರು 20 ಟನ್ ತೂಕ. ಸಂಜೆ ಆ ಬಾಗಿಲೊಳಗೆ ಸೂರ್ಯ ಮುಳುಗುವುದನ್ನು ನೋಡುತ್ತಾ ನಾವು ಮೂರು ದಿನ ಅಲ್ಲೇ ಕೂತಿದ್ದೆವು. ಊರಿಗೆ ಹೋದ ಮೇಲೆ ಇದನ್ನೇ ಕಾರ್ಡ್ ಮಾಡಬೇಕು ಅಂತ ಆಗಲೇ ಅಂದುಕೊಂಡೆ.

ನಾಲ್ಕನೆಯ ದಿನ ಬಸ್ಸಿನಲ್ಲಿ ಬೆಟ್ಟದ ಮೇಲಿನ ಅಪೀರಾಂಥೋಸ್ ಹಳ್ಳಿಗೆ ಹೋದೆವು. ಅಲ್ಲಿ ಓಣಿಗಳಿಗೂ ಅಮೃತಶಿಲೆಯನ್ನೇ ಹಾಸಿದ್ದಾರೆ. ಎಷ್ಟೋ ಕಾಲದಿಂದ ಜನ ನಡೆದು ನಡೆದು ಕಲ್ಲು ನುಣ್ಣಗಾಗಿದೆ. ಒಂದು ಮೆಟ್ಟಿಲಿನಲ್ಲಿ ನನ್ನ ಕಾಲು ಜಾರಿತು. ಕೈ ಊರಿಕೊಂಡು ಬಿದ್ದೆ. ಮಣಿಕಟ್ಟು ಕಣ್ಣೆದುರೇ ಊದಿಕೊಂಡಿತು.

ಬಾಗಿಲ ಬಳಿ ಮಗ್ಗದ ಮುಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು ಬಂದರು. ಏನೂ ಕೇಳಲಿಲ್ಲ. ಒಳಗಿನಿಂದ ಒಂದು ಮರದ ಪಟ್ಟಿ ತಂದು ಕೈಗೆ ಆನಿಸಿ, ತಮ್ಮ ತಲೆಯ ಕಪ್ಪು ವಸ್ತ್ರ ಬಿಚ್ಚಿ ಕಟ್ಟಿದರು. ಬಸ್ ಬರುವ ತನಕ ನನ್ನ ಬೆನ್ನು ಸವರುತ್ತಾ ಪಕ್ಕದಲ್ಲೇ ಕೂತಿದ್ದರು. ಅವರ ಹೆಸರು ಕೇಳುವಷ್ಟು ಬುದ್ಧಿ ಆ ಹೊತ್ತಿಗೆ ನಮ್ಮಿಬ್ಬರಿಗೂ ಓಡಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಪ್ಲಾಸ್ಟರ್ ಹಾಕಿದರು. ಮೂಳೆ ಜರುಗಿರಲಿಲ್ಲ, ಆಪರೇಷನ್ ಬೇಕಾಗಲಿಲ್ಲ. ನಾವು ಇಳಿದುಕೊಂಡಿದ್ದ ಮನೆಯಾಕೆಗೆ ಗ್ರೀಕ್ ಬಿಟ್ಟು ಬೇರೆ ಭಾಷೆ ಬಾರದು. ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿ, ಬಾಚಣಿಗೆ ತೋರಿಸಿ, ನನ್ನನ್ನು ಕೂರಿಸಿ ಜಡೆ ಹಾಕಿದರು. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿದವರು ಅವರೊಬ್ಬರೇ. ನಾನು ಅತ್ತುಬಿಟ್ಟೆ. ಅವರು ಒಳಗೆ ಹೋಗಿ ಒಂದು ಲೋಟ ನೀರು, ಚಮಚದಲ್ಲಿ ಪಾಕದ ಸಿಹಿ ತಂದುಕೊಟ್ಟರು. ನಮ್ಮ ಕಡೆ ನೀರು ಬೆಲ್ಲ ಕೊಡುತ್ತೇವಲ್ಲ, ಹಾಗೇ ಅದು ಅಲ್ಲಿನ ಪದ್ಧತಿ. ತಿಂದರೆ ಗುರುತಿನ ರುಚಿ: ಮಾದಲ ಹಣ್ಣಿನ ಸಿಪ್ಪೆ! ಆ ದ್ವೀಪದಲ್ಲಿ ಮಾದಲ ಬೆಳೆಯುತ್ತಾರೆ. ಅದರ ಎಲೆಯಿಂದ ಕಿತ್ರೋ ಅಂತ ಮದ್ಯ ಕೂಡ ಮಾಡುತ್ತಾರೆ. ‘ಎಫ್ಖರಿಸ್ತೊ’ ಅಂದೆ. ಧನ್ಯವಾದಕ್ಕೆ ನನಗೆ ಬರುತ್ತಿದ್ದ ಗ್ರೀಕ್ ಅದೊಂದೇ.

ಹೊರಡುವ ದಿನ ಬಂದರಿನಲ್ಲಿ ನೂಕುನುಗ್ಗಲು. ಇವರ ಎರಡು ಕೈಯಲ್ಲೂ ಚೀಲ. ಯಾರೋ ಒಬ್ಬ ಹುಡುಗ, ಇಪ್ಪತ್ತು ವಯಸ್ಸಿರಬಹುದು, ದೊಡ್ಡ ಚೀಲವನ್ನು ಹೆಗಲಿಗೇರಿಸಿಕೊಂಡು, ಜನರನ್ನು ಸರಿಸಿ, ನನಗೆ ಕಿಟಕಿ ಪಕ್ಕ ಜಾಗ ಮಾಡಿಕೊಟ್ಟ. ಮಾತ್ರೆಯ ಮಂಪರಿನಲ್ಲಿ ನನಗೆ ನಿದ್ದೆ ಹತ್ತಿತು. ಎಚ್ಚರವಾಗುವಷ್ಟರಲ್ಲಿ ಅವನು ಪಕ್ಕದ ಪಾರೋಸ್ ದ್ವೀಪದಲ್ಲಿ ಇಳಿದು ಹೋಗಿದ್ದ. ಎಫ್ಖರಿಸ್ತೊ ಅಂತ ಕೂಡ ಹೇಳಲಾಗಲಿಲ್ಲ.

ಬೆಂಗಳೂರಿಗೆ ಬಂದು ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ಹನ್ನೆರಡು ವರ್ಷದಿಂದ ಕಾರ್ಡ್ ಮಾಡುತ್ತಿದ್ದೇನೆ, ಆ ಕೈಗೆ ಕತ್ತರಿಯೂ ಹಿಡಿಯಲಿಲ್ಲ. ಆ ದಿನಗಳಲ್ಲಿ ನಾನು ಯಾರ ಹತ್ತಿರವೂ ಜಾಸ್ತಿ ಮಾತಾಡುತ್ತಿರಲಿಲ್ಲ. ಫಿಸಿಯೋಥೆರಪಿಯ ಮೇಡಂ ಒಂದು ದಿನ, ‘ಚೆಂಡು ಹಿಸುಕಿದ್ದು ಸಾಕು, ಮನೆಯಲ್ಲಿ ಕಾಗದ ಮಡಿಸಿ’ ಅಂದರು. ಅವತ್ತಿನಿಂದ ಶುರು. ಮೇಡಂ, ನಿಮ್ಮ ಆ ಒಂದು ಮಾತಿಗೆ ನಾನು ಸದಾ ಋಣಿ.

ಅವೆನ್ಯೂ ರಸ್ತೆ ಗಲ್ಲಿಯ ಬೈಂಡಿಂಗ್ ಅಣ್ಣ, ನೀವು 300 ಜಿಎಸ್‌ಎಂನ ದಪ್ಪ ಹಾಳೆಯ ತುಂಡುಗಳನ್ನು ದುಡ್ಡಿಲ್ಲದೆ ಕೊಟ್ಟಿರಿ. ಅದಕ್ಕಿಂತ ದೊಡ್ಡದು ನೀವು ಕಲಿಸಿದ್ದು. ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಉದ್ದಕ್ಕೂ ಅಗಲಕ್ಕೂ ಮೆಲ್ಲಗೆ ಬಗ್ಗಿಸಿದರೆ, ಸುಲಭವಾಗಿ ಬಾಗಿದಾಗ ಮಡಿಕೆ ಬೀಳುವ ಗೆರೆ ಇರುತ್ತದಲ್ಲ, ಅದೇ ನಾರಿನ ದಿಕ್ಕು. ಅಡ್ಡ ಮಡಿಸಿದರೆ ಮಡಿಕೆ ಬಿರಿಯುತ್ತದೆ. ಇದು ಗೊತ್ತಾದ ಮೇಲೆ ನನ್ನ ಸೋತ ಕೈಗೆ ಅರ್ಧ ಬಲ ಸಾಕಾಯಿತು. ಮಡಿಕೆಯ ಮೇಲೆ ಚಮಚದ ಬೆನ್ನಿನಿಂದ ಒಮ್ಮೆ ಎಳೆದರೆ ಮುಗಿಯಿತು.

ಪಕ್ಕದ ಮನೆಯ ಪುಟ್ಟಿ ಶಾಲೆ ಮುಗಿಸಿ ಬಂದು ದಿನಾ ಬಾಗಿಲಿನ ಆಕಾರ ಕತ್ತರಿಸಿಕೊಟ್ಟಳು. ಬ್ಲೇಡ್ ಹಿಡಿಯಲು ನನ್ನ ಬೆರಳಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಐದನೆಯ ಕಾರ್ಡಿಗೆ ‘ಆಂಟಿ, ಇದು ನೀವೇ’ ಅಂತ ಬ್ಲೇಡನ್ನು ನನ್ನ ಕೈಗೇ ಕೊಟ್ಟಳು.

ಕಾರ್ಡು ಹೀಗಿದೆ. ಬಿಳಿ ಹಾಳೆಯಲ್ಲಿ ಪೊರ್ತಾರಾ, ಅದರ ಹಿಂದೆ ಸಮುದ್ರ. ಸಮುದ್ರಕ್ಕೆ ಒಳಪದರ ಬಿಳಿ ಇರುವ ನೀಲಿ ಹಾಳೆ ತಗೊಂಡೆ. ಉಪ್ಪುಕಾಗದದಿಂದ ಅಲ್ಲಲ್ಲಿ ಉಜ್ಜಿದರೆ ಬಿಳಿ ಹೊರಬಂದು ನೊರೆಯ ಹಾಗೆ ಕಾಣುತ್ತದೆ. ಉಪ್ಪುಕಾಗದದಲ್ಲಿ ಬಳಸುವ ಎಮರಿ ಕಲ್ಲನ್ನು ಅಪೀರಾಂಥೋಸ್ ಸುತ್ತಲ ಬೆಟ್ಟಗಳಲ್ಲಿ ತೆಗೆದು, ತಂತಿ ಹಗ್ಗದ ದಾರಿಯಲ್ಲಿ ಕೆಳಗಿನ ಮುತ್ಸೂನಾ ಬಂದರಿಗೆ ಇಳಿಸುತ್ತಿದ್ದರಂತೆ. ಉಜ್ಜುವಾಗೆಲ್ಲ ಆ ಅಜ್ಜಿಯ ಊರೇ ನೆನಪಾಗುತ್ತಿತ್ತು. ಸೂರ್ಯನಿಗೆ ಮಾತ್ರ ಅಚ್ಚಿನ ಶಾಯಿ ಒತ್ತಿ, ಮೇಲೆ ಚಿನ್ನದ ಬಣ್ಣದ ಪುಡಿ ಉದುರಿಸಿ, ಬಿಸಿಗಾಳಿಯಲ್ಲಿ ಕರಗಿಸಿದ್ದು. ಇವರು ಹೀಟ್ ಗನ್ ಹಿಡಿದುಕೊಂಡರು. ಆರು ವಾರ ಅನ್ನ ಕಲಸಿ ತುತ್ತು ಕೊಟ್ಟವರೂ ಇವರೇ. ರೀ, ನಿಮ್ಮ ಕಾರ್ಡು ದಿಂಬಿನ ಕೆಳಗಿದೆ, ನೋಡಿ.

ಜಡೆ ಹಾಕಿದ ಮನೆಯಾಕೆಗೆ ಮೊದಲ ಕಾರ್ಡು ಹೋಯಿತು. ಎಡಗೈಯದು, ಮಡಿಕೆ ಸೊಟ್ಟ. ಅದನ್ನು ಗೋಡೆಗೆ ಹಾಕಿದ ಫೋಟೋವನ್ನು ಅವರ ಮಗಳು ಕಳಿಸಿದ್ದಾಳೆ. ಬೆಟ್ಟದ ಊರಿಗೆ ಹೋದಾಗ ಮಗ್ಗದ ಅಜ್ಜಿಯನ್ನು ವಿಚಾರಿಸುತ್ತೇನೆ ಅಂತಲೂ ಬರೆದಿದ್ದಾಳೆ. ಕಪ್ಪು ವಸ್ತ್ರವನ್ನು ಒಗೆದು, ಇಸ್ತ್ರಿ ಮಾಡಿ, ಅಜ್ಜಿಯ ಕಾರ್ಡಿನ ಜೊತೆ ಕಟ್ಟಿಟ್ಟಿದ್ದೇನೆ. ಸೋಮವಾರ ಅಂಚೆಗೆ ಹಾಕುತ್ತೇನೆ.

ಪಾರೋಸ್‌ನಲ್ಲಿ ಇಳಿದ ಹುಡುಗ, ನಿನ್ನ ಕಾರ್ಡು ಮೇಜಿನ ಮೇಲಿದೆ. ಒಳಗೆ ನಿನ್ನ ಭಾಷೆಯಲ್ಲೇ, ನನ್ನ ಬಲಗೈಯಲ್ಲೇ, ಎಫ್ಖರಿಸ್ತೊ ಅಂತ ಬರೆದಿದ್ದೇನೆ.